ಹುರುಳಿ ಹಾಸಿದ ರಸ್ತೆ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೊರಟರೆ ಊರು ಮುಗಿಯುವಲ್ಲಿ ಒಂದು ಪೆಟ್ರೋಲ್ ಬಂಕ್ ಸಿಗುತ್ತದೆ. ಆ ಚಳಿಗಾಲ ಬೆಳಕು ಹರಿಯುವ ಮುಂಚೆ ಅದರ ದೀಪದ ಕೆಳಗೆ ಸೇರುತ್ತಿದ್ದವರು ನಾವು ನಾಲ್ಕು ಮಂದಿ. ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದವನು ಓಬಣ್ಣ. ಸರ್ಕಾರಿ ಬಸ್ಸಿನ ಡ್ರೈವರ್. ವರ್ಷಗಟ್ಟಲೆ ಸ್ಟೇರಿಂಗ್ ಹಿಂದೆ ಕೂತು ಬೆನ್ನು ಹಿಡಿದುಕೊಂಡ ಮೇಲೆ ಓಟಕ್ಕೆ ಬಿದ್ದವನು. ಆಮೇಲೆ ಶಾರದಕ್ಕ. ಅದೇ ರಸ್ತೆಯಲ್ಲಿ ಮುಂದೆ ಬರುವ ಹಟ್ಟಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಅಕ್ಕ ಎನ್ನುವುದು ಅಂಗನವಾಡಿಯ ಮಕ್ಕಳಿಂದ ನಮಗೂ ಅಂಟಿದ ಅಭ್ಯಾಸ. ವಯಸ್ಸಿನಲ್ಲಿ ನಮಗಿಂತ ಚಿಕ್ಕವಳು. ಚೂಡಿದಾರದ ಮೇಲೆ ಗಂಡನ ಸ್ವೆಟರ್ ಹಾಕಿಕೊಂಡು, ಕಿವಿಗೆ ಸ್ಕಾರ್ಫ್ ಬಿಗಿದು ಹಗುರಾಗಿ ಓಡುತ್ತಿದ್ದಳು. ಹೆಣ್ಣುಮಗಳು ಕತ್ತಲಲ್ಲಿ ಗಂಡಸರ ಜೊತೆ ಓಡುವುದೇನು ಎಂದು ಮೊದಲ ವರ್ಷ ಊರು ಮಾತಾಡಿತು; ಎರಡನೆಯ ವರ್ಷ ಮಾತಾಡಿ ಮಾತಾಡಿ ಅದಕ್ಕೇ ಬೇಸರವಾಯಿತು. ಮೂರನೆಯವನು ಕೊಟ್ರೇಶಿ, ಸಂಜೆ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಕ್ಕಿ ಮಾರುವವನು. ತನ್ನ ಅಂಗಡಿಯ ಮಿರ್ಚಿಯನ್ನು ತಾನೇ ತಿನ್ನುವ ಹಕ್ಕು ಉಳಿಸಿಕೊಳ್ಳಲಿಕ್ಕೆ ಓಡುತ್ತೇನೆ ಎನ್ನುತ್ತಿದ್ದ. ಹೊಟ್ಟೆ ನೋಡಿದರೆ ಹಕ್ಕು ಚೆನ್ನಾಗಿಯೇ ಉಳಿದಿತ್ತು. ಕೊನೆಗೆ ನಾನು, ಗಿರಣಿ ಬಸಣ್ಣ. ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡು, ಡಾಕ್ಟರು ನಡೆಯಿರಿ ಅಂದದ್ದನ್ನು ಓಬಣ್ಣ ಓಡು ಎಂದು ತಿದ್ದಿದ್ದರಿಂದ ಇವರ ಜೊತೆ ಸೇರಿದವನು.

ಇದು ನೆನಪಾದದ್ದು ಮೊನ್ನೆ, ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದವರು ಕರಾವಳಿ ಕಡೆಯವರು, ಇಲ್ಲಿನ ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದವರು. ಒಂದು ಹಳ್ಳಿ ದಾಟುವಾಗ ರಸ್ತೆಯ ತುಂಬ ಹುರುಳಿ ಹರವಿತ್ತು. ಡ್ರೈವರ್ ವೇಗ ತಗ್ಗಿಸಿ ಎರಡೂ ಗಾಲಿ ಅದರ ಮೇಲೇ ಹೋಗುವಂತೆ ನಡೆಸಿದ. ಚರಚರ ಸಪ್ಪಳವಾಯಿತು, ಒಣ ಬಳ್ಳಿಯ ಧೂಳು, ಸ್ವಲ್ಪ ಘಾಟು, ಸ್ವಲ್ಪ ಬಿಸಿಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಬ್ಯಾಂಕಿನವರು ಗಾಬರಿಯಾದರು. ಪಾಪ, ರೈತರ ಬೆಳೆ, ಪಕ್ಕಕ್ಕೆ ತಿರುಗಿಸಬಾರದೇ ಎಂದರು. ಪಕ್ಕಕ್ಕೆ ತಿರುಗಿಸಿದರೇ ಬೈಸಿಕೊಳ್ಳುತ್ತಾನೆ ಎಂದು ನಾನು ಹೇಳಬೇಕಾಯಿತು. ಮೊದಲು ಊರೂರಿಗೆ ಕಣವಿತ್ತು, ಸಗಣಿ ಸಾರಿಸಿ, ಎತ್ತು ಕಟ್ಟಿ ತುಳಿಸುತ್ತಿದ್ದರು. ಈಗ ಎತ್ತು ಕಡಿಮೆ, ಕಣವೂ ಕಡಿಮೆ. ಡಾಂಬರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಎತ್ತು. ಅವರು ಆಮೇಲೆ ಬಹಳ ಹೊತ್ತು ಕಿಟಕಿಯ ಹೊರಗೇ ನೋಡುತ್ತಿದ್ದರು. ನಾನು ಮಾತ್ರ ಆ ವಾಸನೆಯ ಜೊತೆ ಕೆಲವು ವರ್ಷ ಹಿಂದಕ್ಕೆ ಹೋಗಿದ್ದೆ.

ಮೊದಲು ಬಿದ್ದ ಕತೆ ಹೇಳಬೇಕು. ಅದು ನಾನು ಹೇಳಹೊರಟ ಚಳಿಗಾಲದ ಹಿಂದಿನ ಚಳಿಗಾಲ. ಹಟ್ಟಿಯ ಮುಂದೆ ದುರುಗಮ್ಮ ಎಂಬವರ ಮನೆಯ ಹುರುಳಿ ರಸ್ತೆಯ ಮೇಲಿತ್ತು. ಕತ್ತಲು. ನಾಲ್ವರೂ ಮಾತಾಡಿಕೊಂಡು ಓಡುತ್ತಿದ್ದೆವು, ಅಂದರೆ ಕೊಟ್ರೇಶಿ ಮಾತಾಡುತ್ತಿದ್ದ. ಬಳ್ಳಿಯ ಕೆಳಗೆ ಆಗಲೇ ಉದುರಿದ ಕಾಳು ಇರುತ್ತದೆ, ಅದು ಬೂಟಿನಡಿ ಮಣಿಯಂತೆ ಉರುಳುತ್ತದೆ. ಅಂಚಿನಲ್ಲಿ ಗಾಳಿಗೆ ಹಾರದಿರಲೆಂದು ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಜಾರಿದ ಬಲಗಾಲು ಕಲ್ಲಿಗೆ ಸಿಕ್ಕಿ ಹೊರಳಿತು. ಮುರಿದ ಸಪ್ಪಳ ನನಗಿಂತ ಮೊದಲು ಶಾರದಕ್ಕನಿಗೆ ಕೇಳಿಸಿತಂತೆ. ಕಾಲಿಗೆ ಪಾದ ಕೂಡುವ ಹರಡಿನ ಹೊರಗಡೆಯ ಎಲುಬು. ಮೊದಲ ಬಸ್ಸನ್ನು ಓಬಣ್ಣ ಕೈ ಅಡ್ಡ ಹಾಕಿ ನಿಲ್ಲಿಸಿ, ನನ್ನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ಸೀಟಿಗೆ ಒರಗಿಸಿದ. ದುರುಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದದ್ದು ಕಿಟಕಿಯಿಂದ ಕಂಡಿತು.

ಹೊಸಪೇಟೆಯ ಡಾಕ್ಟರು ಸಿಮೆಂಟ್ ಪಟ್ಟಿ ಹಾಕಿದರು. ನನ್ನ ಹೆಂಡತಿ ನೀಲಮ್ಮನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಎಲುಬು ಕಟ್ಟುವವರ ಎಣ್ಣೆ, ಬಿದಿರು ದಬ್ಬೆಯ ಕಟ್ಟೇ ಆಗಬೇಕೆಂದು ಅವಳ ವಾದ. ಪಟ್ಟಿ ಬಿಚ್ಚಿದ ದಿನವೇ ಎಣ್ಣೆಯೂ ಬಂತು. ಹೀಗೆ ಒಂದೇ ಕಾಲಿಗೆ ಎರಡು ಪಕ್ಷದವರು ಸೇವೆ ಮಾಡಿದರು, ವಾಸಿಯಾದದ್ದು ಯಾರಿಂದ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ತೀರಿಲ್ಲ.

ಬೇಸಿಗೆಯಿಡೀ ಗಿರಣಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಹೆಂಗಸರು ತಮ್ಮ ಜೋಳ, ಸಜ್ಜೆ ತಾವೇ ಸುರಿದು, ತಾವೇ ಹಿಟ್ಟು ಬಾಚಿಕೊಂಡು ಹೋಗುತ್ತಿದ್ದರು. ಮಳೆಗಾಲಕ್ಕೆ ಡಾಕ್ಟರು ಹೊಸ ಅಭ್ಯಾಸ ಕೊಟ್ಟರು: ಮುರಿದ ಕಾಲೊಂದರ ಮೇಲೇ ನಿಲ್ಲುವುದು. ಯಂತ್ರ ಓಡುವಾಗ ಕಂಬ ಹಿಡಿದು, ಆಮೇಲೆ ಕಂಬ ಬಿಟ್ಟು, ಒಂದು ಡಬ್ಬಿ ಬೀಸಿ ಮುಗಿಯುವವರೆಗೆ ನಿಲ್ಲುತ್ತಿದ್ದೆ. ನಮ್ಮ ಓಣಿಯ ಮುದುಕಿಯೊಬ್ಬಳು ಹಿಟ್ಟಿಗೆ ಬಂದವಳು ಸುಮ್ಮನೆ ನೋಡಿ, "ಯಾಕಪ ಬಸಣ್ಣ, ಕೊಕ್ಕರಿ ಆದೆಲ್ಲ, ಮೀನು ಎಲ್ಲಿ ಅದಾವ?" ಎಂದಳು. ಆ ಹೆಸರು ಕೆಲವು ದಿನ ಓಣಿಯಲ್ಲಿ ಓಡಾಡಿತು.

ನಾನು ಇಷ್ಟೆಲ್ಲ ಮಾಡುತ್ತಿದ್ದದ್ದು ಸಕ್ಕರೆಗೆ ಹೆದರಿ ಅಲ್ಲ. ಅದಕ್ಕೆ ನಡೆದರೂ ಸಾಕಿತ್ತು. ನನಗೆ ಬೇಕಾಗಿದ್ದದ್ದು ಮತ್ತೆ ಆ ನಾಲ್ವರಲ್ಲಿ ಒಬ್ಬನಾಗಿ ಓಡುವುದು. ಬೆಳಗ್ಗೆ ಬಾಗಿಲು ತೆರೆಯುವಾಗ ಅವರು ಮೂವರು ಓಟ ಮುಗಿಸಿ ಬೆವರಿನಲ್ಲಿ ನಮ್ಮ ಗಿರಣಿಯ ಮುಂದೆ ಹಾದುಹೋಗುತ್ತಿದ್ದರು, ನಿಂತು ಕಾಲು ಹೇಗಿದೆ ಎಂದು ಕೇಳುತ್ತಿದ್ದರು. ಕಾಲಿನ ವಿಷಯ ಮುಗಿದ ಮೇಲೆ ಮಾತು ಇರುತ್ತಿರಲಿಲ್ಲ. ರಸ್ತೆಯ ಮೇಲೆ ಹುಟ್ಟಿದ ಮಾತು ರಸ್ತೆಯ ಮೇಲೇ ಖರ್ಚಾಗಿರುತ್ತಿತ್ತು.

ನಮ್ಮಜ್ಜಿ ಚಳಿಗೆ ವಯಸ್ಸು ಹೇಳುತ್ತಿದ್ದಳು. ದೀಪಾವಳಿಯದು ಎಳೆ ಚಳಿ, ಎಳ್ಳಮಾಸಿಯದು ಹರೆಯದ ಚಳಿ, ಸಂಕ್ರಾಂತಿ ದಾಟಿದ್ದು ಮುದಿ ಚಳಿ. ನಾನು ಮತ್ತೆ ಬಂಕಿನ ದೀಪದ ಕೆಳಗೆ ಹೋಗಿ ನಿಂತದ್ದು ಎಳೆ ಚಳಿಯಲ್ಲಿ. ಮೂವರೂ ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. ಕೊಟ್ರೇಶಿ ಬಗ್ಗಿ ನನ್ನ ಬೂಟಿನ ದಾರ ಎಳೆದು ನೋಡಿ, ಗಟ್ಟಿ ಇದೆ ಎಂದು ಓಬಣ್ಣನಿಗೆ ಹೇಳಿದ. ಬಸ್ಸು ಬಿಡುವ ಮೊದಲು ಗಾಲಿ ನೋಡಿದ ಹಾಗೆ.

ಅಂದು ಸ್ವಲ್ಪ ದೂರ ಮಾತ್ರ ಹೋದೆವು. ನೋವಿರಲಿಲ್ಲ, ಆದರೆ ಕಾಲು ನನ್ನದಾಗಿರಲಿಲ್ಲ. ಯಾರದೋ ಕಾಲನ್ನು ಸಾಲ ತಂದವನಂತೆ ಜೋಪಾನವಾಗಿ ಇಡುತ್ತಿದ್ದೆ. ಕಣ್ಣು ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ. ಪೂರ್ವದಲ್ಲಿ ಗುಡೇಕೋಟೆಯ ಕಡೆಯ ಗುಡ್ಡಗಳ ಹಿಂದೆ ಬೆಳಕು ಬರುವುದು ಆ ರಸ್ತೆಯ ಚಂದ, ಆ ತಿಂಗಳಿಡೀ ನಾನು ಅದನ್ನು ನೋಡಿದ್ದು ನೆನಪಿಲ್ಲ. ಡಾಂಬರಿನ ಬಿರುಕುಗಳು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ.

ಅವರು ಮೂವರು ನಿಧಾನ ಮಾಡುತ್ತಿದ್ದರು. ಅದನ್ನು ಮುಚ್ಚಿಡಲು ಒಬ್ಬೊಬ್ಬರದು ಒಂದೊಂದು ಉಪಾಯ. ಓಬಣ್ಣನಿಗೆ ಓಡುತ್ತಲೇ ಡಿಪೋದಿಂದ ಫೋನ್ ಬರುತ್ತಿತ್ತು, ಆ ಹೊತ್ತಿನಲ್ಲಿ ಯಾವ ಡಿಪೋದವರು ಎದ್ದಿರುತ್ತಾರೋ ದೇವರೇ ಬಲ್ಲ. ಕೊಟ್ರೇಶಿಗೆ ಬೂಟಿನೊಳಗೆ ಹರಳು ಸಿಗುತ್ತಿತ್ತು. ಶಾರದಕ್ಕ ಮಾತ್ರ ಯಾವ ನೆಪವನ್ನೂ ಹೂಡದೆ ನನ್ನ ಪಕ್ಕ ಬಂದು, ಅಂಗನವಾಡಿಯ ಮಕ್ಕಳ ಸುದ್ದಿ ಹೇಳುತ್ತ ಓಡುತ್ತಿದ್ದಳು. ನಾನು ಗುರುತಿಸಿಯೂ ಸುಮ್ಮನಿದ್ದೆ. ಸ್ವಲ್ಪ ದಿನ ತಾನೇ, ಕಾಲು ಕುದುರಿದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ.

ಕಾಲು ಕುದುರಿತು. ವಾರ ವಾರಕ್ಕೆ ದೂರ ಬೆಳೆಯಿತು. ಎಳ್ಳಮಾಸಿ ಹತ್ತಿರವಾಗುವ ಹೊತ್ತಿಗೆ ಹಟ್ಟಿ ದಾಟಿ ಹಳ್ಳದ ಸೇತುವೆಯವರೆಗೆ ಹೋಗಿ ತಿರುಗುವಷ್ಟಾಯಿತು. ಹಿಂದೆ ನಾವು ನಾಲ್ವರೂ ತಿರುಗುತ್ತಿದ್ದದ್ದು ಅಲ್ಲಿಂದಲೇ. ಹಟ್ಟಿಯ ಮುಂದೆ ಹಾಯುವಾಗ ಮೊದಲ ದಿನ ಹೆಜ್ಜೆ ತಾನೇ ಸಣ್ಣದಾದದ್ದು ನಿಜ. ಆದರೆ ರಸ್ತೆ ಗುಡಿಸಿದ ಹಾಗಿತ್ತು, ಒಂದು ಬಳ್ಳಿಯಿಲ್ಲ. ಮರುದಿನವೂ ಹಾಗೇ. ಈ ಸಲ ಹುರುಳಿ ಯಾಕಿಲ್ಲ ಎಂದು ಕೇಳಿದೆ. ಈ ಸಲ ಮಂದಿಯೆಲ್ಲ ಮೆಕ್ಕೆಜೋಳಕ್ಕೆ ಬಿದ್ದಿದ್ದಾರೆ, ಹುರುಳಿ ಯಾರು ಹಾಕುತ್ತಾರೆ ಎಂದ ಓಬಣ್ಣ. ಕೊಟ್ರೇಶಿಗೆ ಕೆಮ್ಮು ಬಂತು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಧೈರ್ಯ ಬಂತೆಂದು ಬೀಗಿದೆ. ಮನೆಗೆ ಬಂದು ನೀಲಮ್ಮನ ಮುಂದೆ, ಬಿದ್ದ ಜಾಗದಲ್ಲೇ ಓಡಿಕೊಂಡು ಬಂದೆ, ಏನೂ ಅನ್ನಿಸಲಿಲ್ಲ ಎಂದೆ. ಎಣ್ಣೆಯ ಗುಣ ಎಂದಳು.

ಒಂದು ಸಂಜೆ ದುರುಗಮ್ಮ ಗಿರಣಿಗೆ ಬಂದರು. ಹಟ್ಟಿಯವರು ಸಾಮಾನ್ಯವಾಗಿ ಅಲ್ಲೇ ಹತ್ತಿರ ಬೀಸಿಸುತ್ತಾರೆ. ಅಂದು ಅಲ್ಲಿ ಕರೆಂಟ್ ಇರಲಿಲ್ಲವಂತೆ, ಚೀಲದಲ್ಲಿ ಸಜ್ಜೆ ಹೊತ್ತು ಬಸ್ಸಿಗೆ ಬಂದಿದ್ದರು. ಬಿದ್ದ ಮೇಲೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ಕಾಲು ಮುಂದೆ ಮಾಡಿ ತೋರಿಸಿದೆ. ಅವರು ಬಗ್ಗಿ, ಸಂತೆಯಲ್ಲಿ ಕುರಿಯ ಕಾಲು ನೋಡುವವರ ಹಾಗೆ ಎಚ್ಚರದಿಂದ ಹರಡು ಒತ್ತಿ ನೋಡಿ, ಕೂಡಿದೆ ಎಂದರು. ಹಿಟ್ಟು ಚೀಲಕ್ಕೆ ತುಂಬುವಾಗ ಮೆಲ್ಲಗೆ ಕೇಳಿದರು.

"ಬಸಣ್ಣ, ಇನ್ನೂ ಎಷ್ಟು ದಿನ ಓಡ್ತೀರ್ರಿ?"

ಶಿವರಾತ್ರಿವರೆಗೂ ಓಡುತ್ತೇವೆ, ಬಿಸಿಲು ಏರಿದ ಮೇಲೆ ನೋಡೋಣ ಎಂದೆ. ಅವರ ಕೈ ಚೀಲದ ಬಾಯಿಯಲ್ಲೇ ನಿಂತಿತು.

"ಶಿವರಾತ್ರಿಮಟ ಅಂದ್ರ ನಮ್ಮ ಹುರುಳಿ ಬಣವ್ಯಾಗ ಕರ್ರಗ ಆಕ್ಕತಿ," ಎಂದರು.

ಅದು ಜಗಳದ ದನಿಯಲ್ಲ. ಲೆಕ್ಕ ಹಾಕಿ ನೋಡಿ ಹೇಳಿದ ದನಿ. ನನಗೆ ತಿಳಿಯಲಿಲ್ಲ, ಬಿಡಿಸಿ ಕೇಳಿದೆ. ದುರುಗಮ್ಮನಿಗೆ ಆಗ ತಾನು ಹೇಳಬಾರದ್ದು ಹೇಳಿದೆ ಎಂದು ಗೊತ್ತಾಗಿರಬೇಕು; ಆದರೂ ಹೇಳಿದರು. ದೀಪಾವಳಿ ಮುಗಿದ ಮೇಲೆ ಅಂಗನವಾಡಿ ಅಕ್ಕ ಮನೆಗೆ ಬಂದಿದ್ದಳು. ಬಸಣ್ಣ ಮತ್ತೆ ಓಡಲು ಶುರು ಮಾಡಿದ್ದಾನೆ, ಕಾಲು ಇನ್ನೂ ಹಸಿ, ಮನಸ್ಸು ಅದಕ್ಕಿಂತ ಹಸಿ, ಅವನಿಗೆ ಧೈರ್ಯ ಬರುವವರೆಗೆ ರಾತ್ರಿ ಹೊತ್ತು ರಸ್ತೆಗೆ ಹುರುಳಿ ಬಿಡಬೇಡಿ ಎಂದಿದ್ದಳು. ದುರುಗಮ್ಮ ಎರಡು ಮಾತಿಲ್ಲದೆ ಒಪ್ಪಿದ್ದರು. ತಮ್ಮ ಹುರುಳಿಯಲ್ಲಿ ಒಬ್ಬರ ಕಾಲು ಮುರಿಯಿತಲ್ಲ ಎಂಬುದು ಅವರಿಗೆ ವರ್ಷವಿಡೀ ಹೊಟ್ಟೆಯಲ್ಲಿ ಕೂತಿತ್ತು.

ಅಂದಿನಿಂದ ಅವರ ಮನೆಯಲ್ಲಿ ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹರವುವುದು, ಸಂಜೆ ಮುಳುಗುವ ಮುಂಚೆ ಎಲ್ಲ ಬಾಚಿ ಗುಡ್ಡೆ ಹಾಕುವುದು. ಹೇಳಿದರೆ ಸಣ್ಣದು. ಮಾಡುವವರು ದುರುಗಮ್ಮ ಮತ್ತು ಸೊಸೆ, ಸೊಸೆಯ ಕಂಕುಳಲ್ಲಿ ಕೂಸು. ಮತ್ತು ಹಗಲು ಆ ರಸ್ತೆಯಲ್ಲಿ ಓಡಾಡುವುದು ಮೋಟರ್ ಸೈಕಲ್, ಆಟೊ, ಆಗೊಂದು ಈಗೊಂದು ಬಸ್ಸು. ಹುರುಳಿ ನುರಿಯುವುದು ಭಾರದ ಲಾರಿಗೆ. ಲಾರಿಗಳು ಬರುವುದು ಹೊತ್ತು ಮುಳುಗಿದ ಮೇಲೆ. ಹಗಲೆಲ್ಲ ಬಿಸಿಲಿಗೆ ಕಾದು ಗರಿಯಾದ ಬಳ್ಳಿ, ಇಬ್ಬನಿ ಬೀಳುವ ಮುಂಚಿನ ಆ ಲಾರಿಗಳಿಗೆ ಸಿಕ್ಕರೆ ಎರಡು ರಾತ್ರಿಯಲ್ಲಿ ಒಂದು ಹರವು ಮುಗಿಯುತ್ತದೆ. ಈಗ ಸರಿಯಾಗಿ ಲಾರಿ ಬರುವ ಹೊತ್ತಿಗೆ ಹುರುಳಿ ಗುಡ್ಡೆಯಾಗಿರುತ್ತಿತ್ತು. ಬಣವೆ ಅರ್ಧವೂ ಕರಗಿರಲಿಲ್ಲ.

ಧೈರ್ಯ ಬರುವವರೆಗೆ ಎಂದಿದ್ದಳು ಶಾರದಕ್ಕ. ಬಂತೋ ಇಲ್ಲವೋ ಹೇಳುವವರು ಯಾರು? ದುರುಗಮ್ಮ ಅಂಗನವಾಡಿ ಅಕ್ಕ ಹೇಳಲಿ ಎಂದು ಕಾದರು. ಶಾರದಕ್ಕ ನಾನು ಹೇಳಲಿ ಎಂದು ಕಾದಳು. ನಾನು ಗುಡಿಸಿದ ರಸ್ತೆಯ ಮೇಲೆ ಧೈರ್ಯವಾಗಿ ಓಡುತ್ತಿದ್ದೆ.

ಆ ರಾತ್ರಿ ಊಟಕ್ಕೆ ಕೂತಿದ್ದೆ. ಟೀವಿಯಲ್ಲಿ ಮದರಾಸಿನ ಕಡೆ ಸಮುದ್ರದಲ್ಲಿ ಏನೋ ಎದ್ದಿದೆ, ನಮ್ಮ ಕಡೆಗೂ ಮೋಡ, ತುಂತುರು ಎಂದು ಹೇಳುತ್ತಿದ್ದರು. ಅಂಗಳಕ್ಕೆ ಬಂದು ನೋಡಿದೆ. ಚುಕ್ಕಿ ತೆಳ್ಳಗಾಗಿದ್ದವು.

ಬೆಳಗ್ಗೆ ಬಂಕಿನ ಮುಂದೆ ಮೂವರನ್ನೂ ಕೇಳಿದೆ. ಓಬಣ್ಣ ಮುಚ್ಚಿಡಲಿಲ್ಲ.

"ಹೌದು, ನಾವಾ ಹೇಳ್ಸೀವಿ. ತಪ್ಪೇನೈತಿ ಅದ್ರಾಗ? ಹೋದ ವರ್ಷ ನಿನ್ನ ಬಸ್ಸಿಗೆ ಎತ್ತಿ ಹಾಕ್ದಾಗ ಹಿಡ್ಕಂಡ ಬೆನ್ನು ನಂದು ಇನ್ನೂ ಬಿಟ್ಟಿಲ್ಲ. ಇನ್ನೊಂದು ಸಲ ಎತ್ತೋರು ಯಾರು?"

"ನನ್ನ ಕೇಳಬೇಕಿತ್ತು," ಎಂದೆ.

"ಕೇಳಿದ್ರ ಬ್ಯಾಡ ಅಂತಿದ್ದಿ."

"ಮತ್ತ? ಬ್ಯಾಡ ಅನ್ನಾಕಾ ಕೇಳಬೇಕಿತ್ತು. ನಾನು ನಿಮ್ಮ ಜೋಡಿ ಓಡಾಕ ಬಂದೀನೋ, ನೀವು ನನ್ನ ಹೊತ್ಕಂಡು ತಿರುಗಾಕತ್ತೀರೋ?"

ಕೊಟ್ರೇಶಿ ಏನಾದರೂ ನಗೆಯ ಮಾತು ಹುಡುಕುತ್ತಿದ್ದ, ಸಿಗಲಿಲ್ಲ. ಬಂಕಿನ ಕಾವಲಿನವನು ಕಿವಿಗೆ ಸುತ್ತಿದ್ದ ಟವೆಲ್ ಬಿಚ್ಚಿ ನಮ್ಮ ಕಡೆ ನೋಡಿದ. ಕೊನೆಗೆ ಶಾರದಕ್ಕ ಹೇಳಿದಳು.

"ಒಂದು ವಾರದ ಮಾತು ಅಂದ್ಕಂಡಿದ್ದೆ ಅಣ್ಣ. ದಿನಾ ನೋಡ್ತಿದ್ದೆ, ನೀವು ನೆಲ ಬಿಟ್ಟು ಮ್ಯಾಲೆ ನೋಡವಲ್ರಿ. ಇನ್ನೊಂದು ವಾರ ಇರ್ಲಿ, ಇನ್ನೊಂದು ವಾರ ಇರ್ಲಿ ಅಂತ ಹಂಗಾ ಬಿಟ್ಟೆ. ಅವ್ರ ಬಣವಿ ನಾನು ನೋಡ್ಲಿಲ್ಲ. ನಿಮ್ಮ ಕಾಲಾ ನೋಡ್ಕಂತ ಕುಂತೆ."

ಅಂದು ಓಡಲಿಲ್ಲ. ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದೆವು.

ಮಧ್ಯಾಹ್ನ ಗಿರಣಿ ನೀಲಮ್ಮನಿಗೆ ಒಪ್ಪಿಸಿ ಮೋಟರ್ ಸೈಕಲ್ಲಿನಲ್ಲಿ ಹಟ್ಟಿಗೆ ಹೋದೆ. ಇವತ್ತಿನಿಂದ ರಾತ್ರಿಯೂ ಬಿಡಿ, ನನ್ನ ಕಾಲಿನ ಚಿಂತೆ ನನಗಿರಲಿ ಎಂದೆ. ದುರುಗಮ್ಮ ಆಕಾಶ ನೋಡಿದರು, ನನ್ನನ್ನು ನೋಡಿದರು, ಬೇಡ ಎನ್ನುವ ಉಪಚಾರಕ್ಕೆ ಹೊತ್ತಿರಲಿಲ್ಲ. ಬಣವೆಯ ಮುಕ್ಕಾಲು ಪಾಲು ಅಂದೇ ರಸ್ತೆಗೆ ಇಳಿಯಿತು. ನಾನೂ ಎರಡು ಹೊರೆ ಹೊತ್ತೆ. ಬಳ್ಳಿಯ ಮುಳ್ಳಿನಂಥ ನವಿರು ಅಂಗಿಯ ಕಾಲರಿನೊಳಗೆ ಸೇರಿ ರಾತ್ರಿಯಿಡೀ ತುರಿಸಿತು.

ಮರುದಿನ ಬಂಕಿನ ದೀಪದ ಕೆಳಗೆ ಯಾರು ಬರುತ್ತಾರೋ ಗೊತ್ತಿರಲಿಲ್ಲ. ಮೂವರೂ ಬಂದಿದ್ದರು. ಹಿಂದಿನ ದಿನದ ಮಾತು ಯಾರೂ ಎತ್ತಲಿಲ್ಲ. ಮೋಡ ಕವಿದಿದ್ದರಿಂದ ಚಳಿ ಸ್ವಲ್ಪ ಮುರಿದಿತ್ತು, ಕತ್ತಲು ಮಾತ್ರ ದಟ್ಟವಾಗಿತ್ತು. ಹಟ್ಟಿ ಹತ್ತಿರವಾದಂತೆ ವಾಸನೆ ಮೊದಲು ಬಂತು. ಆಮೇಲೆ ರಸ್ತೆಯ ಕರಿ ಬಣ್ಣ ಹೋಗಿ ಮಾಸಲು ಬಣ್ಣ. ಇಡೀ ರಸ್ತೆಗೆ ಹಾಸಿದ್ದರು, ಈ ಅಂಚಿನಿಂದ ಆ ಅಂಚಿಗೆ; ಆಚೆ ಎರಡೂ ಕಡೆ ಜಾಲಿ ಮುಳ್ಳು. ನಾನು ನಿಂತೆ. ಅದೇ ಹೊತ್ತಿಗೆ ಕೊಟ್ರೇಶಿಯೂ ನಿಂತ. ಅವನು ನಿಂತದ್ದು ಬೇರೆ ಕಾರಣಕ್ಕೆ. ಹುರುಳಿಯ ಪಕ್ಕ ಕಪ್ಪಗೆ ಗುಂಡಗೆ ಏನೋ ಕೂತಿತ್ತು. ನಮ್ಮ ತಾಲ್ಲೂಕಿನ ಗುಡ್ಡಗಳಲ್ಲಿ ಕರಡಿ ಇವೆ, ಶೇಂಗಾ ಹೊಲಕ್ಕೂ ಇಳಿಯುತ್ತವೆ. ಅವನು ಓಬಣ್ಣನ ಸ್ವೆಟರ್ ಹಿಡಿದು, ಕರಡಿ ಎಂದು ಪಿಸುಗುಟ್ಟಿದ.

ಕರಡಿ ಎದ್ದು ನಿಂತು ಕಂಬಳಿ ಸರಿಸಿತು. "ಯಾಕ, ಮಿರ್ಚಿ ತಂದೀಯೇನು?" ಎಂದರು ದುರುಗಮ್ಮ. ಓಬಣ್ಣ ನಕ್ಕದ್ದು ಹಟ್ಟಿಯ ನಾಯಿಗಳನ್ನೆಲ್ಲ ಎಬ್ಬಿಸಿತು.

ನಗು ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ. ಎಲ್ಲರಿಗೂ ಅದು ಕಾಣುತ್ತಿತ್ತು, ಯಾರೂ ಕೈ ಕೊಡಲಿಲ್ಲ. ಹಿಂದಿನ ದಿನ ಅಷ್ಟು ಹೇಳಿಸಿಕೊಂಡ ಮೇಲೆ ಹೇಗೆ ಕೊಟ್ಟಾರು? ಕಾಲು ಮುಂದಿಡಲು ನೋಡಿದೆ, ಆಗಲಿಲ್ಲ. ಬೂಟಿನ ದಪ್ಪ ಅಟ್ಟೆಯ ಕೆಳಗೆ ಕಾಳಿದೆಯೋ ಕಲ್ಲಿದೆಯೋ ತಿಳಿಯುವುದಿಲ್ಲ ಎಂಬುದೊಂದೇ ತಲೆಯಲ್ಲಿ. ಬಗ್ಗಿ ಎರಡೂ ಬೂಟು ಬಿಚ್ಚಿದೆ. ದಾರ ಗಂಟು ಹಾಕಿ ಕೊರಳಿಗೆ ತೂಗುಬಿಟ್ಟುಕೊಂಡು ಬರಿಗಾಲಲ್ಲಿ ಹುರುಳಿಯೊಳಕ್ಕೆ ಇಳಿದೆ.

ಮೇಲೆ ಇಬ್ಬನಿಯ ತಣ್ಣನೆ, ಒಳಗೆ ಹಗಲಿನ ಬಿಸಿಲು ಇನ್ನೂ ಸ್ವಲ್ಪ ಉಳಿದಂತಿತ್ತು. ಬಳ್ಳಿ ಚುಚ್ಚಿತು. ಕಾಳು ಬೆರಳ ಸಂದಿಗೆ ಸೇರಿತು. ಕಲ್ಲು ಸಿಕ್ಕಿತು, ಸಿಕ್ಕದ್ದು ಗೊತ್ತಾಯಿತು, ಕಾಲು ತಾನೇ ಪಕ್ಕಕ್ಕೆ ಸರಿಯಿತು. ಓಡಿದೆ ಎಂದು ಹೇಳಲಾರೆ. ನಡೆದೆ, ಅದೂ ನಿಧಾನಕ್ಕೆ. ಹಿಂದಿನಿಂದ ದುರುಗಮ್ಮನ ಮಾತು ಬಂತು.

"ಓಡ್ರಿ ಅಂತ ಬಿಟ್ರ, ಬೀಗರ ಮನಿಗೆ ಹೊಂಟಂಗ ಹೊಂಟೀರಲ್ಲ."

ಆ ತುದಿ ಮುಟ್ಟಿ ಬೂಟು ಹಾಕಿಕೊಂಡೆ. ಅವರು ಮೂವರೂ ಹುರುಳಿ ದಾಟಿ ಬಂದು ಸೇರಿದರು. ಸೇತುವೆಯವರೆಗೆ ಓಡಿದೆವು. ಯಾರಿಗೂ ಫೋನ್ ಬರಲಿಲ್ಲ, ಬೂಟಿನಲ್ಲಿ ಹರಳು ಸಿಗಲಿಲ್ಲ. ನಾನು ಹಿಂದೆ ಬಿದ್ದೆ, ಬಿದ್ದಷ್ಟೂ ಬಿಟ್ಟರು.

ಬರುವಾಗ ಬೆಳಕಾಗಿತ್ತು. ಹುರುಳಿಯನ್ನು ಅಷ್ಟರಲ್ಲಿ ತಿರುವಿ ಹಾಕಿದ್ದರು; ಅದರ ಹತ್ತಿರ ಬಂದಾಗ ಎದುರಿನಿಂದ ಇಟ್ಟಿಗೆ ತುಂಬಿದ ಲಾರಿ ಬಂತು. ಜಾಲಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತೆವು. ಲಾರಿ ಹೋದ ಮೇಲೆ ಗಾಲಿ ಹರಿದಲ್ಲೆಲ್ಲ ಬಳ್ಳಿ ಒತ್ತಿ ಚಾಪೆಯಂತಾಗಿತ್ತು, ಎರಡು ದಾರಿ ಬಿದ್ದಿತ್ತು. ಓಬಣ್ಣ ಒಂದರಲ್ಲಿ ಹೋದ. ನಾನು ಇನ್ನೊಂದರಲ್ಲಿ, ಬೂಟು ಹಾಕಿಕೊಂಡೇ, ಗಾಲಿಯ ಜಾಡು ಬಿಡದೆ ಸಣ್ಣಗೆ ಓಡಿದೆ. ನಡುವೆ ಎಲ್ಲೋ ಒಮ್ಮೆ ಕಾಳು ಜಾರಿತು. ಕಾಲು ನೆಲ ಹಿಡಿದು ನಿಂತಿತು. ಗಿರಣಿಯ ಕಂಬದ ಪಕ್ಕ ನಿಂತದ್ದು ಅಷ್ಟಕ್ಕಾದರೂ ಬಂತು.

ಅಂದು ಮಧ್ಯಾಹ್ನದ ಮೇಲೆ ತುಂತುರು ಶುರುವಾಯಿತು. ಓಬಣ್ಣ ಡ್ಯೂಟಿ ಮೇಲಿದ್ದ. ನಾನು ಹೊದಿಸಲಿಕ್ಕೆ ಗಿರಣಿಯ ತಾಡಪತ್ರಿ ತೆಗೆದುಕೊಂಡು ಹಟ್ಟಿಗೆ ಹೋಗುವಷ್ಟರಲ್ಲಿ ಶಾರದಕ್ಕ ಅಂಗನವಾಡಿಯ ಮಕ್ಕಳನ್ನು ಮನೆಗೆ ಕಳಿಸಿ, ಸೀರೆ ಎತ್ತಿ ಸಿಕ್ಕಿಸಿ ಹುರುಳಿ ಬಾಚುತ್ತಿದ್ದಳು. ಕೊಟ್ರೇಶಿ ಅಂಗಡಿ ತೆರೆಯದೆ ಬಂದ. ಬೆಳಗಿನಿಂದ ತೂರಿ ರಾಶಿಯಾದಷ್ಟು ಒಳಗೆ ಸೇರಿತು. ರಸ್ತೆಯ ಆ ತುದಿಯ ಹರವು ಉಳಿಯಲಿಲ್ಲ; ತಾಡಪತ್ರಿ ಮುಟ್ಟುವ ಮೊದಲೇ ನೆನೆದು ಹೋಯಿತು, ಆಮೇಲೆ ಒಣಗಿಸಿದರೂ ಕಾಳು ಮುಗ್ಗಿತು, ಎಮ್ಮೆಗೆ ಬೇಯಿಸಿ ಇಟ್ಟರು. ಒಂದು ವಾರ ಮೊದಲೇ ಹಾಕಿದ್ದರೆ ಅದೂ ಉಳಿಯುತ್ತಿತ್ತು. ಈ ಮಾತನ್ನು ದುರುಗಮ್ಮ ಆಡಲಿಲ್ಲ. ಆಡದೆ ಇದ್ದದ್ದು ನಮಗೆ ಕೇಳಿಸಿತು. ಶಾರದಕ್ಕ ಒದ್ದೆ ಹೊಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ದುರುಗಮ್ಮನೇ ಬಂದು ಅದನ್ನು ಅವಳ ಕೈಯಿಂದ ಬಿಡಿಸಿ, ಚಹಾ ಆರುತ್ತದೆ, ಕುಡಿ ಎಂದರು.

ಮೋಡ ಹೋದ ಮೇಲೆ ಹರೆಯದ ಚಳಿ ಬಂತು. ಬಣವೆಯಲ್ಲಿ ಮಿಕ್ಕದ್ದು ಪ್ರತಿ ರಾತ್ರಿ ರಸ್ತೆಯ ಮೇಲಿತ್ತು, ಪ್ರತಿ ಬೆಳಗ್ಗೆ ನಾವು ಅದರ ಮೇಲೆ ಓಡಿದೆವು. ಕೆಲವು ದಿನ ಬೂಟು ಬಿಚ್ಚಿದೆ, ಕೆಲವು ದಿನ ಗಾಲಿಯ ಜಾಡು ಹಿಡಿದೆ. ಒಂದು ದಿನ ಕೊಟ್ರೇಶಿ ಹೇಳಿದ ಯಾವುದೋ ಕತೆಗೆ ನಗುತ್ತ ನಗು ಮುಗಿಯುವ ಹೊತ್ತಿಗೆ ಹುರುಳಿ ಹಿಂದೆ ಹೋಗಿತ್ತು. ಅದರ ಮುಂದಿನ ವಾರ ಬಣವೆಯೇ ಮುಗಿಯಿತು.

ಸಂಕ್ರಾಂತಿ ಕಳೆದು ಮುದಿ ಚಳಿ ಹಿಡಿದ ಒಂದು ಬೆಳಗ್ಗೆ ನನಗೆ ತಡವಾಯಿತು. ಗಿರಣಿಯ ಬೆಲ್ಟು ಹಿಂದಿನ ರಾತ್ರಿ ಹರಿದಿತ್ತು, ಅದನ್ನು ಕೂಡಿಸಿ ಮಲಗಿದವನಿಗೆ ಎಚ್ಚರವಾಗಲಿಲ್ಲ. ಓಡುತ್ತಲೇ ಬಂಕಿಗೆ ಬಂದೆ. ದೀಪದ ಕೆಳಗೆ ಯಾರೂ ಇರಲಿಲ್ಲ. ಕಾವಲಿನವನು, ಅವರು ಹೋಗಿ ಬಹಳ ಹೊತ್ತಾಯಿತು ಎಂದ. ನಾನು ಹೊರಟೆ. ಹಟ್ಟಿ ದಾಟಿ ಸ್ವಲ್ಪ ದೂರ ಹೋದಾಗ ಮೂವರೂ ಸೇತುವೆಯಿಂದ ತಿರುಗಿ ಬರುತ್ತಿರುವುದು ಕಂಡಿತು. ಬೆಳಕು ಅವರ ಮುಖದ ಮೇಲಿತ್ತು. ಹತ್ತಿರ ಬಂದರು. ಓಬಣ್ಣ ಕೈ ಎತ್ತಿದ. ಕೊಟ್ರೇಶಿ ಓಡುತ್ತಲೇ, "ಯಾಕಲೇ, ಲೇಟು?" ಎಂದ. ಬೆಲ್ಟ್ ಹರಿದಿತ್ತು ಎಂದೆ. ಹೌದೇನು ಎಂದ. ಶಾರದಕ್ಕ ನಕ್ಕಳು. ಯಾರೂ ನನ್ನ ಕಾಲು ನೋಡಲಿಲ್ಲ, ಯಾರೂ ನಿಲ್ಲಲಿಲ್ಲ. ಅವರು ಊರ ಕಡೆ ಹೋದರು. ನಾನು ಸೇತುವೆಯವರೆಗೆ ಹೋಗಿ ತಿರುಗಿ ಬಂದೆ.